ಗುಂಡು ಕೊಂಡವರ ಹೆಸರು ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ಮೇಡಂ, ನಾನು ವಿರಾಜಪೇಟೆ ಕಡೆಯವನು. ಕ್ಯಾಲಿಫೋರ್ನಿಯಾಕ್ಕೆ ಬಂದು ಹನ್ನೆರಡು ವರ್ಷ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗುತ್ತಾ ಬಂತು, ಇನ್ನೇನು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಬೇಕು. ಊರಲ್ಲಿ ಕೈಲ್ ಮುಹೂರ್ತದ (ಕೊಡವರ ಆಯುಧಪೂಜೆಯ ಹಬ್ಬ) ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು, ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವನು. ಆ ಆಸೆಗೆ 2021ರ ಕೊನೆಯಲ್ಲಿ ಇಲ್ಲೊಂದು 12 ಬೋರ್ ಕೋವಿ ಕೊಂಡೆ. ತಿಂಗಳಿಗೊಮ್ಮೆ ಕ್ಲಬ್ಬಿಗೆ ಹೋಗಿ ಮಣ್ಣಿನ ತಟ್ಟೆಗೆ ಗುರಿ ಇಡುತ್ತೇನೆ, ಅಷ್ಟೇ. ಕಳೆದ ವರ್ಷ ಫ್ರೀಮಾಂಟ್‌ನಿಂದ ಟ್ರೇಸಿಗೆ ಮನೆ ಬದಲಾಯಿಸಿದೆವು. ಮೊನ್ನೆ ತೋಟಾ ಕೊಳ್ಳಲು ಹೋದರೆ ಕಂಪ್ಯೂಟರ್ 'ರಿಜೆಕ್ಟೆಡ್' ಅಂತ ತೋರಿಸಿತು. ಹಿಂದೆ ನಿಂತವರೆಲ್ಲ ನನ್ನನ್ನೇ ನೋಡಿದರು. ನನ್ನ ಹೆಸರು ಪೊಲೀಸ್ ದಾಖಲೆಗೆ ಹೋಯಿತಾ? ಸಿಟಿಜನ್‌ಶಿಪ್‌ಗೆ ತೊಂದರೆಯಾ? ಆಫೀಸಿಗೆ ಗೊತ್ತಾಗುತ್ತಾ? 2022ರಲ್ಲಿ ಕೋವಿ ಇರುವವರ ಪಟ್ಟಿ ಸೋರಿ ಹೋಯಿತಂತೆ, ಅದರಲ್ಲಿ ನಾನೂ ಇದ್ದೇನಾ? ಒಬ್ಬ ಸ್ನೇಹಿತ 'ತಪಾಸಣೆಯ ದಾಖಲೆಯನ್ನು 24 ಗಂಟೆಯಲ್ಲಿ ಅಳಿಸುತ್ತಾರೆ' ಎನ್ನುತ್ತಾನೆ. ಇನ್ನೊಬ್ಬ 'ಪಕ್ಕದ ನೆವಾಡಾ ರಾಜ್ಯದ ರೀನೋಗೆ ಹೋಗಿ ಕ್ಯಾಶ್ ಕೊಟ್ಟು ತಾ' ಎನ್ನುತ್ತಾನೆ. ನಮ್ಮ ಜೊತೆಗೇ ಇರುವ ನನ್ನ ಭಾಮೈದನಿಗೂ (ಎಚ್‌-1ಬಿ ವೀಸಾ) ಈ ಹುಚ್ಚು ಹಿಡಿದಿದೆ. ಅವನಿಗೂ ಸೇರಿಸಿ ನಾನೇ ಎರಡು ಬಾಕ್ಸ್ ಜಾಸ್ತಿ ತರಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ನಗು ಬಂದದ್ದು 'ರಿಜೆಕ್ಟೆಡ್' ವಿಷಯಕ್ಕೆ. ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಭಯ ಆದದ್ದು ಕೊನೆಯ ವಾಕ್ಯಕ್ಕೆ. ನೀವು ಸುಮ್ನೆ ಬಾಯಿಮಾತಿಗೆ ಕೇಳಿದ ಆ ಪ್ರಶ್ನೆಯೇ ಇಡೀ ಪತ್ರದಲ್ಲಿ ಅಪಾಯದ್ದು. ಅದಕ್ಕೆ ಕೊನೆಗೆ ಬರುತ್ತೇನೆ. ಆದರೆ ಅಲ್ಲಿಯ ತನಕ ಓದುವ ತಾಳ್ಮೆ ಇಲ್ಲದಿದ್ದರೆ ಈಗಲೇ ಹೇಳಿಬಿಡುತ್ತೇನೆ: ಭಾಮೈದನಿಗಾಗಿ ಒಂದೇ ಒಂದು ತೋಟಾ ಕೂಡ ತರಬೇಡಿ.

ಈಗ ಕೌಂಟರಿನಲ್ಲಿ ಏನಾಯಿತು ನೋಡೋಣ.

ಕ್ಯಾಲಿಫೋರ್ನಿಯಾದ ಮತದಾರರು 2016ರ ನವೆಂಬರ್‌ನಲ್ಲಿ 'ಪ್ರಾಪೊಸಿಷನ್ 63' ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅದರ ಫಲವಾಗಿ 2018ರ ಜನವರಿಯಿಂದ ಗುಂಡು ಮಾರುವುದೆಲ್ಲ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಆಗಬೇಕು. 2019ರ ಜುಲೈ 1ರಿಂದ ಪ್ರತಿ ಸಲ ಕೊಳ್ಳುವಾಗಲೂ ತಪಾಸಣೆ. ಕೋವಿ ಕೊಳ್ಳುವಾಗ ಒಮ್ಮೆ ಮಾಡಿ ಬಿಡುವುದಿಲ್ಲ. ಒಂದು ಬಾಕ್ಸ್ ತೋಟಾ ಬೇಕೆಂದರೂ ಅಷ್ಟೇ. ಚಿಲ್ಲರೆ ಗುಂಡಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರು ಇದ್ದಾರೆ, ಅದು ಬೇರೆ ಚರ್ಚೆ.

ಈ ತಪಾಸಣೆಯಲ್ಲಿ ಹೆಚ್ಚು ಜನ ಬಳಸುವುದು 'ಸ್ಟ್ಯಾಂಡರ್ಡ್' ಬಗೆ. ಮೊದಲು ಅದಕ್ಕೆ ಒಂದು ಡಾಲರ್ ಇತ್ತು, 2025ರ ಜುಲೈಯಿಂದ ಐದು ಡಾಲರ್ ಆಗಿದೆ. ಅದು ಮಾಡುವ ಕೆಲಸ ಬಹಳ ಸರಳ. ರಾಜ್ಯದ ನ್ಯಾಯ ಇಲಾಖೆಯಲ್ಲಿ ಕೋವಿಗಳ ಒಂದು ದೊಡ್ಡ ಕಡತ ಇದೆ. ನಿಮ್ಮ ಡ್ರೈವಿಂಗ್ ಲೈಸೆನ್ಸಿನ ಹೆಸರು, ಹುಟ್ಟಿದ ದಿನ, ವಿಳಾಸ, ಲೈಸೆನ್ಸ್ ನಂಬರ್ ಈ ನಾಲ್ಕನ್ನೂ ಆ ಕಡತದಲ್ಲಿರುವ ನಿಮ್ಮ ಕೋವಿಯ ದಾಖಲೆಯ ಜೊತೆ ತಾಳೆ ನೋಡುತ್ತದೆ. ಜೊತೆಗೆ ನೀವು ಕೋವಿ ಇಟ್ಟುಕೊಳ್ಳಬಾರದವರ ಪಟ್ಟಿಯಲ್ಲಿ ಇದ್ದೀರಾ ಅಂತ ನೋಡುತ್ತದೆ. ಎರಡೂ ಸರಿ ಇದ್ದರೆ ಸಾಮಾನ್ಯವಾಗಿ ಕೆಲವು ನಿಮಿಷದ ಕೆಲಸ.

ನಿಮ್ಮ ಕೋವಿಯ ದಾಖಲೆಯಲ್ಲಿ ಇನ್ನೂ ಫ್ರೀಮಾಂಟ್ ಮನೆಯ ವಿಳಾಸ ಇದೆ. ಲೈಸೆನ್ಸಿನಲ್ಲಿ ಟ್ರೇಸಿ. ತಾಳೆ ಆಗಲಿಲ್ಲ. ಕಥೆ ಇಷ್ಟೇ.

ಇಲ್ಲಿ ಒಂದು ಪದದ ಗೊಂದಲ ಇದೆ. 'ರಿಜೆಕ್ಟೆಡ್' ಬೇರೆ, 'ಡಿನೈಡ್' ಬೇರೆ. ಕನ್ನಡದಲ್ಲಿ ಎರಡನ್ನೂ 'ತಿರಸ್ಕಾರ' ಅಂತಲೇ ಹೇಳಿಬಿಡುತ್ತೇವೆ, ಅದಕ್ಕೇ ಭಯ. 'ರಿಜೆಕ್ಟೆಡ್' ಅಂದರೆ ನಿಮ್ಮ ದಾಖಲೆ ನಮಗೆ ತಾಳೆ ಸಿಗಲಿಲ್ಲ ಅಂತ. 'ಡಿನೈಡ್' ಅಂದರೆ ಈ ವ್ಯಕ್ತಿ ಕಾನೂನಿನ ಪ್ರಕಾರ ಗುಂಡು ಕೊಳ್ಳುವ ಹಾಗಿಲ್ಲ ಅಂತ. ಎರಡನೆಯದು ಬಂದರೆ ಮಾತ್ರ ವಕೀಲರಿಗೆ ಫೋನ್ ಮಾಡಬೇಕು. ಮೊದಲನೆಯದು ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ ಅಂತ ಚೆಕ್ ವಾಪಸ್ ಬಂದ ಹಾಗೆ.

ಈ 'ತಾಳೆ ಸಿಗದ' ಜನ ಎಷ್ಟಿದ್ದಾರೆ ಗೊತ್ತಾ? ನಿಯಮ ಬಂದ ಮೊದಲ ಏಳು ತಿಂಗಳಲ್ಲಿ ಸ್ಟ್ಯಾಂಡರ್ಡ್ ತಪಾಸಣೆಗೆ ಹೋದವರಲ್ಲಿ ಶೇ 16ರಷ್ಟು ಮಂದಿ, ಅಂದರೆ ಒಂದು ಲಕ್ಷಕ್ಕೂ ಜಾಸ್ತಿ ಜನ, ಹೀಗೆ ಕೈಬೀಸಿಕೊಂಡು ವಾಪಸ್ ಬಂದಿದ್ದರು. ಮುಂದೆ ಅದು ಶೇ 11ರ ಹತ್ತಿರಕ್ಕೆ ಇಳಿಯಿತು. ಈ ಲೆಕ್ಕ ಈ ತಪಾಸಣೆಯ ವಿರುದ್ಧ ನಡೆದ ಕೇಸಿನ ಕಡತದಲ್ಲೇ ಇದೆ. ನಿಜವಾಗಿ ಕೊಳ್ಳಬಾರದವರು ಸಿಕ್ಕಿಬಿದ್ದದ್ದು ಅದರಲ್ಲಿ ತೀರಾ ಸಣ್ಣ ಪಾಲು. ಹಾಗಾಗಿ ಆವತ್ತು ನಿಮ್ಮ ಹಿಂದೆ ನಿಂತು ನೋಡಿದವರಲ್ಲೂ ಒಬ್ಬಿಬ್ಬರಿಗೆ ಇದೇ ಅನುಭವ ಆಗಿರಬಹುದು.

ವಿಳಾಸ ಬದಲಾಗುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಜನರಿಗೇ ವಿಶೇಷ: ಹೆಸರು. ಕನ್ನಡಿಗರ ಹೆಸರು ಅಮೆರಿಕದ ಫಾರಂನ ಡಬ್ಬಿಗಳಿಗೆ ಹೊಂದುವುದೇ ಇಲ್ಲ. ಒಬ್ಬರದು ಊರಿನ ಹೆಸರು, ಅಪ್ಪನ ಹೆಸರು, ಇಟ್ಟ ಹೆಸರು. ಇನ್ನೊಬ್ಬರದು ಎರಡು ಇನಿಷಿಯಲ್ ಮತ್ತೊಂದು ಹೆಸರು. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಅದು ಕೆಲವು ಕಡೆ ಸರ್‌ನೇಮ್ ಆಗುತ್ತದೆ, ಕೆಲವು ಕಡೆ ಮಿಡಲ್ ನೇಮ್ ಆಗುತ್ತದೆ, ಕೆಲವು ಕಡೆ ಮಾಯವೇ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರಂತೂ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನನ್ನ ಹತ್ತಿರ ಬಂದ ಒಬ್ಬರು ಕೋವಿ ಕೊಳ್ಳುವಾಗ ಒಂದು ಕಾಗುಣಿತ, ಲೈಸೆನ್ಸ್ ನವೀಕರಿಸುವಾಗ ಇನ್ನೊಂದು ಕಾಗುಣಿತ ಕೊಟ್ಟಿದ್ದರು. ಒಂದೇ ಒಂದು 'ಎಚ್' ಅಕ್ಷರದ ವ್ಯತ್ಯಾಸ. ಆರು ತಿಂಗಳು ಅಲೆದರು.

ಅದಕ್ಕೇ ನಿಮಗೊಂದು ಕಿವಿಮಾತು. ಸಿಟಿಜನ್ ಆಗುವಾಗ ಬಹಳ ಜನ ಹೆಸರು ಸರಿಮಾಡಿಸಿಕೊಳ್ಳುತ್ತಾರೆ. ನೀವೂ ಮಾಡಿಸಿದರೆ ಲೈಸೆನ್ಸ್ ಬದಲಾದ ವಾರವೇ ಕೋವಿಯ ದಾಖಲೆಯಲ್ಲೂ ಬದಲಾಯಿಸಿ. ಇಲ್ಲದಿದ್ದರೆ ಮತ್ತೆ ಇದೇ ಕೌಂಟರ್, ಇದೇ 'ರಿಜೆಕ್ಟೆಡ್'.

ಸರಿ, ಈಗ ನಿಮ್ಮ ನಿಜವಾದ ಆತಂಕಕ್ಕೆ ಬರೋಣ. ಈ ದಾಖಲೆ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ?

ನಿಮ್ಮ ಸ್ನೇಹಿತ ಹೇಳಿದ '24 ಗಂಟೆ' ಪೂರ್ತಿ ಸುಳ್ಳಲ್ಲ, ಆದರೆ ನಿಮಗೆ ಅನ್ವಯಿಸುವುದಿಲ್ಲ. ಅದು ಎಫ್‌ಬಿಐ ನಡೆಸುವ ದೇಶಮಟ್ಟದ ತಪಾಸಣೆಯ ನಿಯಮ. 1998ರಲ್ಲಿ ಶುರುವಾದ ಆ ವ್ಯವಸ್ಥೆಯಲ್ಲಿ ಕೋವಿ ಕೊಳ್ಳಲು ಒಪ್ಪಿಗೆ ಸಿಕ್ಕವರ ಗುರುತಿನ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕು. ದೇಶಮಟ್ಟದಲ್ಲಿ ಕೋವಿಗಳ ನೋಂದಣಿ ಪಟ್ಟಿ ಮಾಡಬಾರದು ಅಂತ 1986ರ ಕಾಯ್ದೆಯೇ ಹೇಳುತ್ತದೆ. ಅಂಗಡಿಯವರು ಗುಂಡಿನ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ 1968ರ ನಿಯಮವನ್ನೂ ಅದೇ ಕಾಯ್ದೆ ತೆಗೆದುಹಾಕಿತು. ಆದರೆ ಕ್ಯಾಲಿಫೋರ್ನಿಯಾ ತನ್ನದೇ ಕಡತ ಇಟ್ಟುಕೊಂಡಿದೆ, ಅದನ್ನು ಅಳಿಸುವುದಿಲ್ಲ. ಅಮೆರಿಕದಲ್ಲಿ ಇಂಥ ವಿಷಯದಲ್ಲಿ ಒಂದು ರಾಜ್ಯದ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರೆ ಕಡೆಯ ನಿಯಮ ನೋಡಿ ಸ್ನೇಹಿತರು ಕೊಡುವ ಸಲಹೆಯನ್ನು ಅಲ್ಲಿಗೇ ಬಿಡಿ.

ಪ್ರತಿ ಸಲ ಗುಂಡು ಕೊಂಡಾಗ ಏನೇನು ಬರೆದುಕೊಳ್ಳುತ್ತಾರೆ ಅಂತ ಕಾನೂನೇ ಹೇಳುತ್ತದೆ. ದಿನಾಂಕ, ನಿಮ್ಮ ಪೂರ್ತಿ ಹೆಸರು, ಸಹಿ, ವಿಳಾಸ, ಫೋನ್, ಹುಟ್ಟಿದ ದಿನ, ಲೈಸೆನ್ಸ್ ನಂಬರ್. ಯಾವ ಬ್ರಾಂಡು, ಯಾವ ಬಗೆ, ಎಷ್ಟು. ಮಾರಿದವರ ಹೆಸರು ಕೂಡ. ಇದೆಲ್ಲ ನ್ಯಾಯ ಇಲಾಖೆಯ 'ಗುಂಡು ಖರೀದಿ ಕಡತ'ಕ್ಕೆ ಹೋಗುತ್ತದೆ. ಅಂದರೆ ನೀವು ವರ್ಷಕ್ಕೆ ಎಷ್ಟು ಬಾಕ್ಸ್ ತೋಟಾ ಕೊಂಡಿರಿ ಅಂತ ನಿಮಗೆ ಮರೆತರೂ ಅವರಿಗೆ ಮರೆಯುವುದಿಲ್ಲ.

ಅದೇ ಕಾನೂನು ಈ ಮಾಹಿತಿ ಗೋಪ್ಯ ಅಂತಲೂ ಹೇಳುತ್ತದೆ. ಪೊಲೀಸ್ ಕೆಲಸಕ್ಕೆ ಮಾತ್ರ, ಪೊಲೀಸರ ಒಳ ಕಂಪ್ಯೂಟರ್ ಜಾಲದ ಮೂಲಕ ಮಾತ್ರ ನೋಡಬಹುದು. ಅಂಗಡಿಯವನು ಇಲಾಖೆಗೆ ಕಳಿಸಲು ತೆಗೆದುಕೊಂಡ ವಿವರವನ್ನು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಯಾರಿಗೂ ಮಾರುವ, ಕೊಡುವ ಹಾಗಿಲ್ಲ. ಹಾಗಾಗಿ ನಿಮ್ಮ ಆಫೀಸಿನವರು ಯಾವುದೋ ಏಜೆನ್ಸಿಗೆ ದುಡ್ಡು ಕೊಟ್ಟು ಮಾಡಿಸುವ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಇದು ಬರುವುದಿಲ್ಲ. ಮನೆ ಬಾಡಿಗೆಗೆ ಕೊಡುವವನಿಗೂ ಸಿಗುವುದಿಲ್ಲ.

ಸಿಟಿಜನ್‌ಶಿಪ್ ವಿಷಯ. ಅಲ್ಲಿ ನೋಡುವುದು ಬಂಧನ, ಕೇಸು, ಶಿಕ್ಷೆ. ವಿಳಾಸ ತಾಳೆ ಆಗದೆ ಗುಂಡು ಸಿಗಲಿಲ್ಲ ಅನ್ನುವುದು ಇದರಲ್ಲಿ ಯಾವುದೂ ಅಲ್ಲ. ನೀವು ಗ್ರೀನ್ ಕಾರ್ಡ್ ಇರುವವರು, ಕಾನೂನುಬದ್ಧವಾಗಿ ಕೊಂಡ ಕೋವಿ. ಅಷ್ಟರಿಂದಲೇ ಅರ್ಜಿ ಕೆಡುವುದಿಲ್ಲ. ಆದರೆ ಕೋವಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆ ಆದರೆ ಕಥೆ ಬೇರೆ. ಸಿಟಿಜನ್ ಆಗದವರನ್ನು ಗಡೀಪಾರು ಮಾಡಲು ಇರುವ ಕಾರಣಗಳಲ್ಲಿ ಅದೂ ಒಂದು, ಗ್ರೀನ್ ಕಾರ್ಡ್ ಇದ್ದರೂ ಬಿಡುವುದಿಲ್ಲ. ರೀನೋ ಸಲಹೆ ನನಗೆ ಇಷ್ಟ ಆಗದಿರುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ 'ಗೋಪ್ಯ' ಅಂತ ಕಾಗದದಲ್ಲಿ ಬರೆದರೆ ಗೋಪ್ಯವಾಗಿಯೇ ಉಳಿಯುತ್ತಾ ಅಂತ ನೀವು ಕೇಳಬೇಕು. ಹದಿನೈದು ವರ್ಷದಿಂದ ಖಾಸಗಿ ಮಾಹಿತಿಯ ರಕ್ಷಣೆಯೇ ನನ್ನ ಕಸುಬು. ನಾನು ಕಂಡ ಹಾಗೆ ದಾಖಲೆಗಳು ಹೊರಬೀಳುವುದು ಮೂರು ದಾರಿಯಲ್ಲಿ: ಯಾರದೋ ಅಜಾಗರೂಕತೆಯಿಂದ, ಒಳಗಿನವರ ದುರ್ಬಳಕೆಯಿಂದ, ಇಲ್ಲವೇ ಕಾನೂನೇ ಬಾಗಿಲು ತೆರೆದು ಕೊಟ್ಟಾಗ. ಕ್ಯಾಲಿಫೋರ್ನಿಯಾದ ಕೋವಿ ದಾಖಲೆಗಳಲ್ಲಿ ಮೂರೂ ಆಗಿವೆ.

ಅಜಾಗರೂಕತೆಯ ಉದಾಹರಣೆ ನೀವು ಕೇಳಿದ 2022ರ ಸೋರಿಕೆ. ಆ ವರ್ಷ ಜೂನ್ 27ರಂದು ನ್ಯಾಯ ಇಲಾಖೆ ಕೋವಿಗಳ ಅಂಕಿಅಂಶದ ಹೊಸ ಡ್ಯಾಶ್‌ಬೋರ್ಡ್ ಒಂದನ್ನು ಜನರಿಗೆ ಬಿಟ್ಟಿತು. ಮೇಲೆ ಬಣ್ಣಬಣ್ಣದ ನಕ್ಷೆ, ಎಲ್ಲ ಬರೀ ಒಟ್ಟು ಲೆಕ್ಕ. ಆದರೆ ಆ ನಕ್ಷೆಯ ಅಡಿಯಲ್ಲಿದ್ದ ಮೂಲ ಪಟ್ಟಿಯನ್ನೂ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳುವ ಹಾಗಿತ್ತು. ಅಂಗಡಿಯ ಷೋಕೇಸ್ ಚೆನ್ನಾಗಿ ಜೋಡಿಸಿ ಹಿಂಬಾಗಿಲು ತೆರೆದಿಟ್ಟ ಹಾಗೆ. ಒಂದು ದಿನದೊಳಗೆ ಮುಚ್ಚಿದರು. ಅಷ್ಟರಲ್ಲಿ 507 ಬೇರೆ ಬೇರೆ ಐಪಿ ವಿಳಾಸಗಳಿಂದ 2,734 ಸಲ ಡೌನ್‌ಲೋಡ್ ಆಗಿತ್ತು. ಕೋವಿಯನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಪರವಾನಗಿಗೆ 2011ರಿಂದ 2021ರ ತನಕ ಅರ್ಜಿ ಹಾಕಿದ್ದ ಸುಮಾರು 1,92,000 ಜನರ ವಿವರ ಹೊರಬಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ, ಎಲ್ಲ. ಹೊರಗಿನ ವಕೀಲರ ಸಂಸ್ಥೆ ತನಿಖೆ ಮಾಡಿ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಬೇಕೆಂದೇ ಮಾಡಿದ್ದಲ್ಲ, ಸಿಬ್ಬಂದಿಗೆ ತರಬೇತಿ ಮತ್ತು ತಿಳಿವಳಿಕೆ ಸಾಲದು ಅಂತ ಅದರ ತೀರ್ಮಾನ.

ನನಗೆ ಆ ತೀರ್ಮಾನದಿಂದ ಸಮಾಧಾನಕ್ಕಿಂತ ಕಳವಳವೇ ಜಾಸ್ತಿ ಆಯಿತು. ಬೇಕೆಂದು ಮಾಡಿದವನನ್ನು ಹಿಡಿಯಬಹುದು. ಗೊತ್ತಿಲ್ಲದೆ ಮಾಡುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ, ಅಲ್ವಾ?

ನಿಮ್ಮ ಹೆಸರು ಅದರಲ್ಲಿ ಇತ್ತಾ? ಓಡಾಡುವ ಪರವಾನಗಿಗೆ ನೀವು ಅರ್ಜಿ ಹಾಕಿಲ್ಲ ಅಂದರೆ ಆ 1,92,000ರಲ್ಲಿ ನೀವಿಲ್ಲ. ಕೋವಿ ಮಾರಾಟದ ದಾಖಲೆ, ಸುರಕ್ಷತಾ ಪರೀಕ್ಷೆಯ ಸರ್ಟಿಫಿಕೇಟ್ ಇಂಥ ಕೆಲವು ಡ್ಯಾಶ್‌ಬೋರ್ಡ್‌ಗಳಿಗೂ ಪೆಟ್ಟು ಬಿದ್ದಿರಬಹುದು ಅಂತ ಇಲಾಖೆ ಆಗ ಹೇಳಿತ್ತು. ಗುಂಡು ಖರೀದಿ ಕಡತದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನೀವು 2021ರಲ್ಲಿ ಕೋವಿ ಕೊಂಡವರು, ಹಾಗಾಗಿ ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತದ ಹಾಗೆ ಕ್ರೆಡಿಟ್ ಬ್ಯೂರೋಗಳಲ್ಲಿ (ಸಾಲದ ಇತಿಹಾಸ ಇಡುವ ಸಂಸ್ಥೆಗಳಲ್ಲಿ) ನಿಮ್ಮ ಫೈಲನ್ನು ಫ್ರೀಜ್ ಮಾಡಿಸಿ ಇಡಿ. ಅದಕ್ಕೆ ದುಡ್ಡಿಲ್ಲ. ಈ ಸೋರಿಕೆ ಆಗಿರದಿದ್ದರೂ ನಾನು ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಒಳಗಿನವರ ದುರ್ಬಳಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೊಲೀಸರ ಆ ಒಳ ಜಾಲವನ್ನು ನಿಯಮ ಮೀರಿ ಬಳಸಿದ ಪ್ರಕರಣಗಳು 2023 ಒಂದೇ ವರ್ಷದಲ್ಲಿ ಏಳು ಸಾವಿರ ದಾಟಿದ್ದವು. ಬಹುಪಾಲು ಒಂದೇ ಪೊಲೀಸ್ ಇಲಾಖೆಯದು, ಅಲ್ಲಿ ಓಡಾಡುವ ಪರವಾನಗಿಯ ಅರ್ಜಿಗಳನ್ನು ಪರಿಶೀಲಿಸಲು ಬಳಸಬಾರದ ದಾರಿ ಬಳಸಿದ್ದರು. ಪರಿಚಯದವರ ಬಗ್ಗೆ ಕುತೂಹಲಕ್ಕೆ ಹುಡುಕಿದ್ದಲ್ಲ. ಆದರೂ 'ಪೊಲೀಸ್ ಕೆಲಸಕ್ಕೆ ಮಾತ್ರ' ಅನ್ನುವ ಬೇಲಿ ಎಷ್ಟು ಗಟ್ಟಿ ಅಂತ ಇದರಿಂದ ಅಂದಾಜು ಸಿಗುತ್ತದೆ.

ಮೂರನೆಯದು, ಕಾನೂನೇ ತೆರೆದ ಬಾಗಿಲು. ಇದು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ನಿಮಗೆ ಗೊತ್ತಿರಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬಂದ 'ಎಬಿ 173' ಎಂಬ ಕಾನೂನು ಕೋವಿ ಮತ್ತು ಗುಂಡು ಕೊಂಡವರ ಗುರುತಿನ ವಿವರವನ್ನು ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋವಿ ಹಿಂಸೆ ಸಂಶೋಧನಾ ಕೇಂದ್ರಕ್ಕೆ ಕೊಡಬೇಕು ಅಂತ ಹೇಳಿತು. ಬೇರೆ ಸಂಶೋಧಕರಿಗೂ ಇಲಾಖೆ ಬೇಕಾದರೆ ಕೊಡಬಹುದು. ಸಂಶೋಧಕರು ಅದನ್ನು ಬೇರೆ ಯಾವುದಕ್ಕೂ ಬಳಸಬಾರದು, ವರದಿಯಲ್ಲಿ ಯಾರ ಗುರುತೂ ಬರಬಾರದು ಎಂಬ ಷರತ್ತಿದೆ. ಕೋವಿ ಮಾಲೀಕರು ಕೋರ್ಟಿಗೆ ಹೋದರು. ರಾಜ್ಯದ ಕೋರ್ಟಿನಲ್ಲಿ ಮೊದಲು ತಡೆ ಸಿಕ್ಕಿತು, 2023ರ ನವೆಂಬರ್‌ನಲ್ಲಿ ಮೇಲಿನ ಕೋರ್ಟು ಆ ತಡೆ ತೆಗೆಯಿತು. ಫೆಡರಲ್ (ಕೇಂದ್ರದ) ಕೋರ್ಟಿನಲ್ಲೂ ಅವರು ಸೋತರು, 2024ರ ಮೇ ತಿಂಗಳಲ್ಲಿ ಅದರ ಮೇಲ್ಮನವಿ ಕೋರ್ಟಾದ 9ನೇ ಸರ್ಕಿಟ್ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸುವುದಿಲ್ಲ. ಆತ್ಮಹತ್ಯೆ, ಮನೆಯೊಳಗಿನ ಹಿಂಸೆ ಇಂಥದ್ದನ್ನು ಅಧ್ಯಯನ ಮಾಡಲು ಒಬ್ಬೊಬ್ಬರ ದಾಖಲೆ ಜೋಡಿಸಿ ನೋಡುವುದು ಬೇಕಾಗುತ್ತದೆ. ಸಂಶೋಧಕರ ಮೇಲೆ ನನಗೆ ಅನುಮಾನವಿಲ್ಲ. ಆದರೆ ಪೊಲೀಸ್ ಕೆಲಸಕ್ಕೆ ಅಂತ ಹೇಳಿ ಪಡೆದ ಮಾಹಿತಿಯನ್ನು ಆಮೇಲೆ ಬೇರೆ ಕೆಲಸಕ್ಕೆ ಕೊಡುವಾಗ ಜನರನ್ನು ಒಂದು ಮಾತು ಕೇಳಲಿಲ್ಲ, ಬೇಡ ಅನ್ನುವ ದಾರಿಯೂ ಇಡಲಿಲ್ಲ. ಕಡತ ಒಂದು ಕಚೇರಿಯಿಂದ ಎರಡು ಕಚೇರಿಗೆ ಹೋದರೆ ಕಾಯಬೇಕಾದ ಬಾಗಿಲೂ ಎರಡಾಗುತ್ತದೆ.

ಅಂದಹಾಗೆ, ನಿಮ್ಮ ಹಾಗೆ ಹಾರುವ ತಟ್ಟೆಗೆ ಗುರಿ ಇಡುವ ಒಬ್ಬರೇ ಈ ತಪಾಸಣೆಯ ವಿರುದ್ಧ 2018ರಲ್ಲೇ ಕೇಸ್ ಹಾಕಿದ್ದು. ಕಿಮ್ ರೋಡ್, 1996ರಿಂದ 2016ರ ತನಕ ಸತತ ಆರು ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರು. ಸ್ಯಾನ್ ಡಿಯಾಗೊದ ಫೆಡರಲ್ ನ್ಯಾಯಾಧೀಶರು 2020ರಲ್ಲೊಮ್ಮೆ, 2024ರ ಜನವರಿಯಲ್ಲಿ ಮತ್ತೊಮ್ಮೆ ಈ ತಪಾಸಣೆ ಸಂವಿಧಾನಕ್ಕೆ ವಿರುದ್ಧ ಅಂದರು. ಎರಡು ಸಲವೂ ಕೆಲವೇ ದಿನದಲ್ಲಿ ಮೇಲಿನ ಕೋರ್ಟಿನಿಂದ ತಡೆ ಬಂತು. 2025ರ ಜುಲೈ 24ರಂದು 9ನೇ ಸರ್ಕಿಟ್‌ನ ಮೂವರ ಪೀಠ 2-1ರಿಂದ ಕಿಮ್ ಕಡೆಗೇ ತೀರ್ಪು ಕೊಟ್ಟಿತು. ಆವತ್ತು ನನಗೆ ಬಂದ ಫೋನ್‌ಗಳಿಗೆ ಲೆಕ್ಕವಿಲ್ಲ. 'ಇನ್ನು ತಪಾಸಣೆ ಇಲ್ವಂತೆ ಹೌದಾ?' ಅಂತ. ತೀರ್ಪು ಬಂದ ಮಾತ್ರಕ್ಕೆ ಅಂಗಡಿಯಲ್ಲಿ ತಪಾಸಣೆ ನಿಲ್ಲಲಿಲ್ಲ. ಇಂಥ ಕೇಸಿನಲ್ಲಿ ಸುದ್ದಿ ಒಂದು ದಿನ ಬರುತ್ತದೆ, ಕೌಂಟರಿನಲ್ಲಿ ಬದಲಾವಣೆ ಬರಲು ಎಷ್ಟೋ ಕಾಲ ಬೇಕು. ಹೋಗುವ ಮುಂಚೆ ಅಂಗಡಿಗೆ ಒಂದು ಫೋನ್ ಮಾಡಿ ಕೇಳಿ, ಅವರು ಏನು ಹೇಳುತ್ತಾರೋ ಆವತ್ತಿಗೆ ಅದೇ ನಿಯಮ.

ಈಗ ನೀವೇ ಬಿಟ್ಟು ಬರುವ ಹೆಜ್ಜೆ ಗುರುತುಗಳು. ನನ್ನ ಅನುಭವದಲ್ಲಿ ಜನ ಸರ್ಕಾರಿ ಕಡತಕ್ಕೆ ಹೆದರುತ್ತಾರೆ, ಆಮೇಲೆ ಅದೇ ಅಂಗಡಿಯಲ್ಲಿ ಹತ್ತು ಪರ್ಸೆಂಟ್ ರಿಯಾಯಿತಿಗೆ ಫೋನ್ ನಂಬರು, ಈಮೇಲು ಎಲ್ಲ ಕೊಟ್ಟು ಮೆಂಬರ್ ಆಗುತ್ತಾರೆ. ಗೋಪ್ಯತೆಯ ಆ ಕಾನೂನು ಕಾಯುವುದು ಇಲಾಖೆಗೆ ಕಳಿಸಲು ತೆಗೆದುಕೊಂಡ ವಿವರವನ್ನು. ರಿಯಾಯಿತಿ ಕಾರ್ಡಿಗೆ ನೀವಾಗಿಯೇ ಕೊಟ್ಟದ್ದಕ್ಕೆ ಅದರ ಕಾವಲಿಲ್ಲ. ದೊಡ್ಡ ಅಂಗಡಿ ಸರಣಿಯಾದರೆ 'ನನ್ನ ಮಾಹಿತಿ ಮಾರಬೇಡಿ' ಅನ್ನುವ ಹಕ್ಕು ಕ್ಯಾಲಿಫೋರ್ನಿಯಾದಲ್ಲಿ ನಿಮಗಿದೆ, ಅದನ್ನು ಬಳಸಿ. ಕೋವಿಯ ಜೊತೆ ಬರುವ ವಾರಂಟಿ ಕಾರ್ಡ್ ಕೂಡ ಹಾಗೇ. ಕೋವಿ ಕಂಪನಿಗಳು ಇಂಥ ಕಾರ್ಡುಗಳಿಂದ ಬಂದ ಗ್ರಾಹಕರ ವಿವರವನ್ನು ವರ್ಷಾನುಗಟ್ಟಲೆ ತಮ್ಮ ಉದ್ಯಮ ಸಂಘಕ್ಕೆ ಕೊಟ್ಟು, ಚುನಾವಣಾ ಪ್ರಚಾರಕ್ಕೆ ಬಳಸಿದ್ದನ್ನು 2024ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಬಯಲಿಗೆ ತಂದಿತು. ಸರ್ಕಾರದ ಪಟ್ಟಿ ಬೇಡ ಅಂತ ಕೂಗುವವರೇ ಇನ್ನೊಂದು ಪಟ್ಟಿ ಮಾಡಿಟ್ಟಿದ್ದರು!

ಕಾರ್ಡಿನಲ್ಲಿ ದುಡ್ಡು ಕೊಟ್ಟರೆ? ಎಂಥ ಅಂಗಡಿ ಅಂತ ಗುರುತಿಸಲು ಕಾರ್ಡ್ ಕಂಪನಿಗಳು ಬಳಸುವ ಕೋಡ್‌ಗಳಲ್ಲಿ ಕೋವಿ ಮತ್ತು ಗುಂಡಿನ ಅಂಗಡಿಗಳಿಗೆ ಈಗ 5723 ಅಂತ ಬೇರೆಯೇ ಕೋಡ್ ಇದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಮೇ ತಿಂಗಳಿಂದ ಅದನ್ನು ಬಳಸುವುದು ಕಡ್ಡಾಯ. ಬ್ಯಾಂಕಿಗೆ ಗೊತ್ತಾಗುವುದು ಎಂಥ ಅಂಗಡಿ, ಎಷ್ಟು ದುಡ್ಡು ಅಂತ ಮಾತ್ರ. ಕೊಂಡದ್ದು ತೋಟಾನಾ ಟೋಪಿನಾ ಅಂತ ಗೊತ್ತಾಗುವುದಿಲ್ಲ. ಕ್ಯಾಶ್ ಕೊಟ್ಟರೆ ಈ ಗುರುತು ಉಳಿಯುವುದಿಲ್ಲ, ನಿಜ. ಕ್ಯಾಶ್ ಕೊಡುವುದು ತಪ್ಪೂ ಅಲ್ಲ. ಆದರೆ ಗುರುತಿನ ಚೀಟಿ ಹೇಗೂ ತೋರಿಸಲೇಬೇಕಲ್ಲ, ಇಲಾಖೆಯ ಕಡತಕ್ಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ.

ಹಾಗಾದರೆ ನೀವೇನು ಮಾಡಬೇಕು? ಮೊದಲು ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಜನ 'ಸಿಫಾರ್ಸ್' (CFARS) ಅಂತ ಕರೆಯುತ್ತಾರೆ, ಖಾತೆ ತೆರೆದು ಕೋವಿಯ ದಾಖಲೆಯಲ್ಲಿ ವಿಳಾಸ ಬದಲಾಯಿಸಿ. ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೇ, 'ಸ್ಟ್ರೀಟ್' ಅಂತ ಇದ್ದರೆ ಅದನ್ನೂ ಹಾಗೇ ಬರೆಯಿರಿ. ನಿಮ್ಮ ಹೆಸರಿನಲ್ಲಿ ಯಾವ್ಯಾವ ಕೋವಿ ದಾಖಲಾಗಿದೆ ಅಂತ ಇಲಾಖೆಯನ್ನೇ ಕೇಳಿ ತಿಳಿಯುವ ಫಾರಂ ಕೂಡ ಇದೆ, ನೋಟರಿ ಸಹಿ ಬೇಕು. ತಮ್ಮ ಬಗ್ಗೆ ರಾಜ್ಯ ಏನು ಇಟ್ಟುಕೊಂಡಿದೆ ಅಂತ ನೋಡುವ ಹಕ್ಕು 1977ರಿಂದಲೂ ಇದೆ, ನಮ್ಮವರು ಅದನ್ನು ಬಳಸುವುದು ಬಹಳ ಕಡಿಮೆ. ಊರಲ್ಲಿ ಪಹಣಿ ತೆಗೆಸಿ ನೋಡುವ ಹಾಗೆ ಒಮ್ಮೆ ತರಿಸಿ ನೋಡಿ. 2014ಕ್ಕಿಂತ ಮುಂಚೆ ಉದ್ದ ಕೋವಿ ಕೊಂಡವರಿಗಂತೂ ದಾಖಲೆಯೇ ಇಲ್ಲದಿರುವುದು ಮಾಮೂಲು, ಆಗ ಅವುಗಳ ವಿವರ ಇಡುತ್ತಿರಲಿಲ್ಲ. ನಿಮಗೆ ಆ ಸಮಸ್ಯೆ ಇಲ್ಲ.

ವಿಳಾಸ ಸರಿಹೋಗುವ ತನಕ ಕಾಯಲು ಆಗದಿದ್ದರೆ 'ಬೇಸಿಕ್' ತಪಾಸಣೆ ಇದೆ. 19 ಡಾಲರ್. ಕೋವಿಯ ದಾಖಲೆಯ ಜೊತೆ ತಾಳೆ ನೋಡದೆ ನೇರವಾಗಿ ನಿಮ್ಮ ಅರ್ಹತೆ ನೋಡುತ್ತಾರೆ. ದಿನಗಟ್ಟಲೆ ಹಿಡಿಯುತ್ತದೆ, ಒಪ್ಪಿಗೆ ಬಂದ ಮೇಲೆ 30 ದಿನದೊಳಗೆ ಒಂದು ಸಲ ಮಾತ್ರ ಕೊಳ್ಳಬಹುದು. ಬೆರಳಚ್ಚು ಕೊಟ್ಟು ವರ್ಷವರ್ಷ ನವೀಕರಿಸುವ ಅರ್ಹತಾ ಪತ್ರ ಅಂತ ಇನ್ನೊಂದಿದೆ. ಅದಿದ್ದರೆ ಕೌಂಟರಿನಲ್ಲಿ ತಕರಾರು ಕಡಿಮೆ. ಆದರೆ ಗೋಪ್ಯತೆಯ ಚಿಂತೆಯಿಂದ ಪತ್ರ ಬರೆದ ನೀವು ಬೆರಳಚ್ಚನ್ನೂ ಕೊಟ್ಟು ಬರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ನಿಮ್ಮಷ್ಟು ಅಪರೂಪಕ್ಕೆ ಕೊಳ್ಳುವವರಿಗೆ ಬೇಡ.

ನನಗೆ ಇಷ್ಟವಾದ ದಾರಿ ಬೇರೆ ಇದೆ. ಲೈಸೆನ್ಸ್ ಇರುವ, ಗುರಿ ಹೊಡೆಯುವ ರೇಂಜಿನಲ್ಲೇ ತೋಟಾ ಕೊಂಡು, ಅಲ್ಲೇ ಹೊಡೆದು, ಒಂದನ್ನೂ ಹೊರಗೆ ತರದೆ ಬಂದರೆ ಈ ತಪಾಸಣೆಯೇ ಬೇಕಿಲ್ಲ. ಕಾನೂನೇ ಕೊಟ್ಟ ವಿನಾಯಿತಿ. ಸ್ವಲ್ಪ ದುಬಾರಿ, ಬೇಕಾದ ಬ್ರಾಂಡು ಸಿಗದಿರಬಹುದು. ತಿಂಗಳಿಗೊಮ್ಮೆ ಹೋಗುವ ನಿಮಗೆ ಅದು ಸಾಕು. ಮರೆತು ಜೇಬಿನಲ್ಲಿ ಎರಡು ತೋಟಾ ಉಳಿಸಿಕೊಂಡು ಬರಬೇಡಿ, ಅಷ್ಟೇ.

ರೀನೋ ಸಲಹೆ ಕೊಟ್ಟ ಸ್ನೇಹಿತರಿಗೆ ಇದನ್ನು ತೋರಿಸಿ. ಕ್ಯಾಲಿಫೋರ್ನಿಯಾ ನಿವಾಸಿ ಬೇರೆ ರಾಜ್ಯದಲ್ಲಿ ಕೊಂಡ ಗುಂಡನ್ನು ನೇರವಾಗಿ ಮನೆಗೆ ತರುವ ಹಾಗಿಲ್ಲ, ಇಲ್ಲಿನ ಲೈಸೆನ್ಸ್ ಇರುವ ಅಂಗಡಿಗೆ ಮೊದಲು ತಲುಪಿಸಿ ಅಲ್ಲಿಂದ ಪಡೆಯಬೇಕು. ಮೊದಲ ಸಲ ಸಿಕ್ಕಿಬಿದ್ದರೆ ದಂಡದಲ್ಲಿ ಮುಗಿಯಬಹುದು, ಮತ್ತೊಮ್ಮೆ ಆದರೆ ಅಪರಾಧದ ಕೇಸೇ ಆಗಬಹುದು. ಸಿಟಿಜನ್‌ಶಿಪ್ ಅರ್ಜಿ ಕೈಯಲ್ಲಿ ಹಿಡಿದು ನಿಂತವರು ಒಂದು ಬಾಕ್ಸ್ ತೋಟಾಕ್ಕೆ ಈ ಸಾಹಸ ಮಾಡುತ್ತಾರಾ?

ಕೊನೆಗೆ ನಿಮ್ಮ ಭಾಮೈದ. ಅಮೆರಿಕದ ಕಾನೂನಿನಲ್ಲಿ ಎಚ್‌-1ಬಿ, ಎಲ್‌-1, ಎಫ್‌-1 ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಗುಂಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಇದು ದೇಶಕ್ಕೆಲ್ಲ ಒಂದೇ ನಿಯಮ. ರೇಂಜಿನಲ್ಲಿ ಬಾಡಿಗೆ ಕೋವಿ ಹಿಡಿದರೂ ಕಾನೂನಿನ ಕಣ್ಣಿಗೆ ಅದು 'ಇಟ್ಟುಕೊಂಡ' ಹಾಗೇ. ಕೆಲವು ವಿನಾಯಿತಿಗಳಿವೆ. ಸಾಮಾನ್ಯರಿಗೆ ಒದಗುವುದು ಒಂದು: ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯ ತರಗತಿ ಮುಗಿಸಿ ಪರೀಕ್ಷೆ ಪಾಸಾದರೆ ಅದು ಸಿಗುತ್ತದೆ. ಅದಿಲ್ಲದೆ ನೀವು ಅವನ ಕೈಗೆ ತೋಟಾ ಕೊಟ್ಟರೆ ತಪ್ಪು ಅವನದು ಮಾತ್ರವಲ್ಲ, ಗೊತ್ತಿದ್ದೂ ಕೊಟ್ಟ ನಿಮ್ಮದೂ ಆಗುತ್ತದೆ. ಇಬ್ಬರ ಮೇಲೂ ಫೆಡರಲ್ ಕೇಸ್. ಅವನ ವೀಸಾ, ನಿಮ್ಮ ಗ್ರೀನ್ ಕಾರ್ಡ್ ಎರಡೂ ಒಟ್ಟಿಗೇ ಹೋಗಬಹುದು. ನಿಮ್ಮ ಹೆಸರಲ್ಲಿ ದಿಢೀರನೆ ಎರಡು ಪಟ್ಟು ಬಾಕ್ಸ್ ಯಾಕೆ ಅಂತ ಯಾರಾದರೂ ಮುಂದೊಂದು ದಿನ ಕೇಳಿದರೆ, ಆ ಕಡತ ಆಗ ನಿಮ್ಮ ವಿರುದ್ಧವೇ ಮಾತಾಡುತ್ತದೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಅವನು ನಿಮ್ಮ ಮನೆಯಲ್ಲೇ ಇದ್ದಾನಲ್ಲ, ಕೋವಿ ಎಲ್ಲಿಟ್ಟಿದ್ದೀರಿ? ಕೊಡಗಿನಲ್ಲಿ ಗೋಡೆಗೆ ತೂಗುಹಾಕುವುದು ರೂಢಿ. ಲೈಸೆನ್ಸ್ ಇಲ್ಲದೆ ಕೋವಿ ಇಡಲು ಬಿಡುವ ಅಲ್ಲಿನ ವಿನಾಯಿತಿ ಪತ್ರದ ಲೆಕ್ಕವೇ ಬೇರೆ, ಇಲ್ಲಿಗೆ ಅದು ನಡೆಯುವುದಿಲ್ಲ. ಕೋವಿ, ತೋಟಾ ಎರಡನ್ನೂ ಬೀಗ ಹಾಕುವ ಬೀರುವಿನಲ್ಲಿಡಿ. ಬೀಗದ ನಂಬರು ನಿಮಗೆ ಮಾತ್ರ ಗೊತ್ತಿರಲಿ, ಅವನಿಗೆ ಬೇಡ. ಅವನ ಕೈಗೆ ಸಿಗುವ ಹಾಗೆ ಇದ್ದರೂ ಅವನೇ ಇಟ್ಟುಕೊಂಡಂತೆ ಅಂತ ವಾದ ಮಾಡಲು ಸರ್ಕಾರಿ ವಕೀಲರಿಗೆ ಅಷ್ಟು ಸಾಕು. ಮುಂದಿನ ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಬಂದಾಗ ಹೂ ಹುಡುಕಿ ತರುವ ಕೆಲಸ ಅವನಿಗೆ ಬಿಡಿ. ಕೋವಿ ತೆಗೆಯುವುದು, ಹೂ ಇಡುವುದು, ವಾಪಸ್ ಬೀಗ ಹಾಕುವುದು ನಿಮ್ಮ ಕೈಯಿಂದಲೇ ಆಗಲಿ.